ಗೆಳೆಯನಿಗೊಂದು ಪತ್ರ: ಆಯಿಯ ತಟ್ಟೆಯಲ್ಲಿ ಏನಿತ್ತು

ಬೆಂಗಳೂರು
ಭಾನುವಾರ ರಾತ್ರಿ

ಪ್ರಿಯ ಗೆಳೆಯ,

ಡಿಸೆಂಬರಿನಲ್ಲಿ ಬರುತ್ತೇನೆ, ಎಲ್ಲಿಗೆ ಬೇಕಾದರೂ ಊಟಕ್ಕೆ ಕರೆದುಕೊಂಡು ಹೋಗು, ಇಟಾಲಿಯನ್ ಹೋಟೆಲೊಂದು ಬೇಡ ಎಂದು ಬರೆದಿದ್ದೀಯ. ಹನ್ನೊಂದು ವರ್ಷ ಮಿಲಾನಿನಲ್ಲಿ ಕಳೆದವನಿಗೆ ಅಷ್ಟು ಜಂಬ ಇರಬೇಕಾದ್ದೇ. ಆದರೆ ನಮ್ಮ ಮೊದಲ ಸಂಬಳದ ದಿನ ಪಿಜ್ಜಾದ ಮೇಲಿದ್ದ ಕಪ್ಪು ಆಲಿವ್ ಕಾಯನ್ನು ಬಾಯಿಗೆ ಹಾಕಿಕೊಂಡು, ‘ಇದೇನೋ ಇದು, ಉಪ್ಪಿನಲ್ಲಿ ಹಾಕಿಟ್ಟ ನೇರಳೆಹಣ್ಣು ಕೆಟ್ಟುಹೋಗಿದೆ’ ಎಂದು ಟಿಶ್ಯೂ ಕಾಗದಕ್ಕೆ ಉಗುಳಿದವನು ನೀನು. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡದ್ದೂ ನೆನಪಿದೆ. ಮೇಜಿನ ಮೇಲೆ ಬಿಟ್ಟರೆ ಹೋಟೆಲಿನವರು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಭಯ ನಮ್ಮಿಬ್ಬರಿಗೂ ಇತ್ತು.

ನಿನ್ನ ಹೆಸರು ಹಾಕದೆ ಈ ಪತ್ರವನ್ನು ನಾಲ್ಕು ಜನ ಓದುವಲ್ಲಿ ಇಡುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ‘ಓದಿದೆ, ಚೆನ್ನಾಗಿದೆ’ ಎಂದು ಸುಮ್ಮನಾಗುತ್ತೀಯ. ಬೇರೆಯವರ ಎದುರಿಗೆ ನಾಚಿಕೆಗಾದರೂ ಉತ್ತರ ಬರೆದೀಯ ಎಂಬ ಆಸೆ. ಬರೆಯುತ್ತಿರುವುದು ಡಿಸೆಂಬರಿನ ಊಟದ ವಿಷಯಕ್ಕೇ. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು, ಅದರಲ್ಲಿ ನಿನ್ನ ಪಾಲೂ ಇದೆ.

ಅಪ್ಪನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ತೋಟವನ್ನು ತಮ್ಮನಿಗೆ ಒಪ್ಪಿಸಿ ಅಪ್ಪ, ಆಯಿ ಇಬ್ಬರೂ ನಮ್ಮ ಜೊತೆಗೇ ಇದ್ದಾರೆ. ಆಯಿಯನ್ನು ಹೊರಗೆ ಊಟಕ್ಕೆ ಹೊರಡಿಸುವುದು ನಿನಗೆ ಗೊತ್ತೇ ಇದೆ. ಮೊದಲು ‘ನೀವು ಹೋಗಿಬನ್ನಿ, ನನಗೆ ಮೊಸರನ್ನ ಸಾಕು’ ಎನ್ನುತ್ತಾಳೆ. ಮೂರು ಸಲ ಕರೆದ ಮೇಲೆ ಸೀರೆ ಬದಲಿಸುತ್ತಾಳೆ. ಹೋಟೆಲಿನಲ್ಲಿ ಕುಳಿತರೆ ಮಸಾಲೆ ದೋಸೆಯಲ್ಲ, ಸಾದಾ ದೋಸೆ. ಪಲ್ಯದಲ್ಲಿ ಈರುಳ್ಳಿ ಇರುತ್ತದಲ್ಲ. ಸಾಂಬಾರಿನ ಬಟ್ಟಲನ್ನು ಒಂದು ಬೆರಳಿನಿಂದ ಅತ್ತ ಸರಿಸಿ ಚಟ್ನಿಯಲ್ಲೇ ಮುಗಿಸುತ್ತಾಳೆ. ಹಾಗೆಂದು ಅವಳು ಮಡಿವಂತಳಲ್ಲ. ಮೊಮ್ಮಗಳು ಮೊಟ್ಟೆ ತಿನ್ನುತ್ತಾಳೆಂದು ಗೊತ್ತಾದಾಗ ಅದಕ್ಕೊಂದು ಬೇರೆ ಬಾಣಲೆ ಕೊಂಡು ತಂದವಳೇ ಅವಳು. ಕಣ್ಣಿಗೆ ಕಾಣದ ಅಡುಗೆಮನೆಯನ್ನು ನಂಬುವುದು ಅವಳಿಂದ ಆಗುವುದಿಲ್ಲ, ಅಷ್ಟೇ.

ಫೆಬ್ರುವರಿಯಲ್ಲಿ ಅಪ್ಪನಿಗೆ 75 ತುಂಬಿತು. ಎಲ್ಲಿಗೆ ಹೋಗೋಣ ಎಂದು ಮಗಳನ್ನು ಕೇಳಿದ್ದೇ ತಪ್ಪಾಯಿತು. ಇಂದಿರಾನಗರದ ಇಟಾಲಿಯನ್ ಹೋಟೆಲೊಂದರಲ್ಲಿ ಐದು ಜನರಿಗೆ ಮೇಜು ಕಾದಿರಿಸಿಯೇ ಬಿಟ್ಟಳು. ಹೋಟೆಲಿನ ಹೆಸರು ಬೇಡ. ಒಳಗೆ ಎಲ್ಲ ಮೇಜಿನ ಮೇಲೂ ಮೇಣದಬತ್ತಿ, ಮೆನುವಿನ ಅಕ್ಷರಗಳು ಇರುವೆಯಷ್ಟು. ಅಪ್ಪ ಮೊಬೈಲಿನ ಟಾರ್ಚ್ ಹಾಕಿಕೊಂಡು ಮೆನುವನ್ನು ಬಲಗಡೆಯಿಂದ ಓದತೊಡಗಿದರು, ಮೊದಲು ಬೆಲೆ, ಆಮೇಲೆ ಹೆಸರು. ಭಾರತದ ಮೊದಲ ಪಿಜ್ಜಾ ಹಟ್ ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದು 1996ರಲ್ಲಿ. ಅದೇ ವರ್ಷದ ಆರಂಭದಲ್ಲಿ ರೈತ ಸಂಘದವರು ಇಲ್ಲಿನ ಕೆಎಫ್‌ಸಿ ಅಂಗಡಿಗೆ ನುಗ್ಗಿದ ಸುದ್ದಿಯನ್ನು ಅಪ್ಪ ಜಗುಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ, ‘ಸರಿಯಾಯಿತು’ ಎಂದು ತೊಡೆ ತಟ್ಟಿದ್ದು ನಿನಗೂ ನೆನಪಿರಬೇಕು. ನೀನು ಅಂದು ನಮ್ಮ ಮನೆಯಲ್ಲೇ ಇದ್ದೆ. ಅದೇ ಮನುಷ್ಯ ಈಗ ತೊಡೆಯ ಮೇಲೆ ಬಿಳಿಯ ಬಟ್ಟೆ ಹರಡಿಕೊಂಡು ಕುಳಿತಿದ್ದರು. ನನಗೆ ನಗು ಬಂತು. ಅವರಿಗೆ ಗೊತ್ತಾಯಿತು, ಆದರೆ ಏನೂ ಹೇಳಲಿಲ್ಲ.

ಅಪ್ಪನ ಟಾರ್ಚು ಒಂದು ಸಾಲಿನ ಮೇಲೆ ಬಂದು ನಿಂತಿತು. ಕಾಚೊ ಎ ಪೇಪೆ. ಕೆಳಗೆ ವಿವರ: ಸ್ಪಾಗೆಟ್ಟಿ, ಪೆಕೊರಿನೊ ಚೀಸ್, ಕಾಳುಮೆಣಸು. ‘ಮತ್ತೇನಿದೆ ಇದರಲ್ಲಿ?’ ಎಂದು ಕೇಳಿದರು. ಮತ್ತೇನೂ ಇಲ್ಲ, ರೋಮ್ ನಗರದ ಹಳೆಯ ಅಡುಗೆ, ಚೀಸನ್ನೂ ಮೆಣಸಿನ ಪುಡಿಯನ್ನೂ ಪಾಸ್ತಾ ಬೆಂದ ನೀರಿನಲ್ಲೇ ಕಲಸುವುದು ಎಂದು ಬಡಿಸುವ ಹುಡುಗ ವಿವರಿಸಿದ. ‘ಅಂದರೆ ಗಂಜಿಯ ತಿಳಿಯಲ್ಲಿ’ ಎಂದಳು ಆಯಿ. ಅಪ್ಪನಿಗೆ ಬೆಲೆಯದೇ ಚಿಂತೆ. ‘ಒಂದು ಕಿಲೋ ಮೆಣಸಿನ ದುಡ್ಡನ್ನು ಒಂದು ತಟ್ಟೆಗೆ ಹಾಕಿದ್ದಾರಲ್ಲ. ತರಿಸು, ಅದರಲ್ಲಿ ಎಷ್ಟು ಕಾಳು ಇರುತ್ತದೆ ಎಂದು ನೋಡಿಯೇ ಬಿಡೋಣ.’

ತಟ್ಟೆ ಬಂತು. ಹಿಂದೆಯೇ ಇನ್ನೊಬ್ಬ ಹುಡುಗ ಒನಕೆಯಂಥ ಮೆಣಸಿನ ಗಿರಣಿ ಹಿಡಿದು ಬಂದು, ಅಪ್ಪನ ಭುಜದ ಪಕ್ಕ ನಿಂತು ಎರಡು ಸುತ್ತು ತಿರುಗಿಸಿದ. ಅಪ್ಪ ಅವನ ಕೈ ಹಿಡಿದು ನಿಲ್ಲಿಸಿ, ಗಿರಣಿಯ ಮುಚ್ಚಳ ತೆಗೆಸಿ, ನಾಲ್ಕು ಕಾಳನ್ನು ಅಂಗೈಗೆ ಸುರಿದುಕೊಂಡು ಉಗುರಿನಿಂದ ಒತ್ತಿ ನೋಡಿದರು. ‘ಜೊಳ್ಳು ಇಲ್ಲ’ ಎಂದು ಪ್ರಮಾಣಪತ್ರ ಕೊಟ್ಟರು. ಆಮೇಲೆ ಆ ಹುಡುಗನಿಗೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ ಶುರುವಾಯಿತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು, ಯುರೋಪಿನವರು ಹಡಗು ಕಟ್ಟಿಕೊಂಡು ಬಂದದ್ದೇ ನಮ್ಮ ಕಡೆಯ ಈ ಬಳ್ಳಿಗಾಗಿ ಎಂದು. ಪಾಪ, ಆ ಹುಡುಗ ಬಿಹಾರದವನು. ಮೂರು ಮೇಜಿನವರು ಅವನಿಗಾಗಿ ಕಾಯುತ್ತಿದ್ದರು. ಆದರೂ ಕೊನೆಯವರೆಗೆ ತಲೆದೂಗಿ ನಿಂತಿದ್ದ.

ನನ್ನವಳು ಅಣಬೆಯ ರಿಸೊಟ್ಟೊ ತರಿಸಿದ್ದಳು. ಅದನ್ನು ಆಯಿ ತಿನ್ನಲಿಲ್ಲ. ಒಂದು ಕಾಳನ್ನು ಮಾತ್ರ ಚಮಚದ ತುದಿಯಲ್ಲಿ ಎತ್ತಿ ದೀಪಕ್ಕೆ ಹಿಡಿದು ನೋಡಿದಳು. ‘ಒಳ್ಳೆಯ ದಪ್ಪ ಅಕ್ಕಿ. ನಡುವೆ ಇನ್ನೂ ಬಿಳಿ ಇದೆ, ಬೆಂದಿಲ್ಲ.’ ಅದು ಹಾಗೆಯೇ ಇರಬೇಕು ಎಂದು ಮಗಳು ಹೇಳಿದಳು. ‘ಹಾಗೆಯೇ ಇರಬೇಕು ಎಂದು ನಾನೂ ಹೇಳಬಹುದಿತ್ತು, ಅವಸರದಲ್ಲಿ ಇಳಿಸಿದ ದಿನ’ ಎಂದಳು ಆಯಿ. ನೀನೊಮ್ಮೆ ಮಿಲಾನಿನಿಂದ ತೊರಿನೊಗೆ ಹೋಗುವ ರೈಲಿನ ಕಿಟಕಿಯಿಂದ ತೆಗೆದ ಚಿತ್ರ ಕಳುಹಿಸಿದ್ದೆಯಲ್ಲ, ವೆರ್ಚೆಲ್ಲಿಯ ಹತ್ತಿರ ನೀರು ನಿಂತ ಗದ್ದೆಗಳು, ಥೇಟು ಬನವಾಸಿಯ ಹಾಗೆ? ಅದನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಆಯಿ ತುಂಬ ಹೊತ್ತು ನೋಡಿದಳು. ‘ನಾಟಿ ಯಾರು ಮಾಡುತ್ತಾರೆ ಅಲ್ಲಿ?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನೀನು ಬರೆ.

ಆಯಿಗಾಗಿ ಬುರ್ರಾಟಾ ತರಿಸಿದ್ದೆವು. ಮೊಝರೆಲ್ಲಾದ ಚೀಲ, ಒಳಗೆ ಅದರದೇ ಎಳೆಗಳು ಮತ್ತು ಕೆನೆ. ದಕ್ಷಿಣ ಇಟಲಿಯ ಆಂಡ್ರಿಯಾ ಎಂಬ ಊರಿನದಂತೆ. ಈಗ ಬೆಂಗಳೂರಿನಲ್ಲೇ ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳು ಇಂಥ ಚೀಸ್ ಮಾಡಿ ಮಾರುತ್ತಾರೆ ಎಂದು ಹೇಳಿದೆ. ಸನ್ಯಾಸಿಗಳು ಎಂದ ಕೂಡಲೇ ಆಯಿಯ ಅರ್ಧ ಅನುಮಾನ ಇಳಿಯಿತು. ಇಟಲಿಯ ಹೆಸರಾಂತ ಮೊಝರೆಲ್ಲಾ ಎಮ್ಮೆಯ ಹಾಲಿನದು ಎಂದ ಮೇಲೆ ಉಳಿದರ್ಧವೂ ಹೋಯಿತು. ಇಪ್ಪತ್ತು ವರ್ಷ ಎಮ್ಮೆ ಕರೆದವಳಲ್ಲವೇ. ಚಾಕು ಇಟ್ಟೊಡನೆ ಕೆನೆ ಹರಿದದ್ದನ್ನು ಕಂಡು, ‘ಗಿಣ್ಣಿನ ಹಾಗಿದೆ. ಬೆಲ್ಲ, ಏಲಕ್ಕಿ ಹಾಕುವುದನ್ನು ಮರೆತಿದ್ದಾರೆ’ ಎಂದಳು. ತಿಂದಳು. ಇಷ್ಟಪಟ್ಟೇ ತಿಂದಳು. ಹೋಟೆಲಿನಲ್ಲಿ ಆಯಿ ಹಾಗೆ ತಿಂದದ್ದನ್ನು ನಾನು ನೋಡಿರಲೇ ಇಲ್ಲ. ಆ ಉತ್ಸಾಹದಲ್ಲೇ ಅಪ್ಪನ ತಟ್ಟೆಗೆ ಮುಳ್ಳುಚಮಚ ಚಾಚಿ, ‘ನಮ್ಮ ಮೆಣಸು ಹೇಗಾಗಿದೆ ನೋಡೋಣ’ ಎಂದು ಎರಡು ಸುತ್ತು ಪಾಸ್ತಾ ಎತ್ತಿಕೊಂಡಳು.

ಆಗ ನೀನು ನೆನಪಾದೆ.

ನೀನು ಅಲ್ಲಿಗೆ ಹೋದ ಮೊದಲ ವರ್ಷ ಫೋನಿನಲ್ಲಿ ಅರ್ಧ ಗಂಟೆ ಗೋಳಾಡಿದ್ದೆ: ಇಲ್ಲಿನ ಚೀಸಿನಲ್ಲಿ ‘ಕಾಲ್ಯೊ’ ಎಂದು ಬರೆದಿರುತ್ತದೆ, ಅದು ಹೆಪ್ಪು, ಪಾರ್ಮಿಜಾನೊ ರೆಜ್ಜಾನೊಗೆ ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದದ್ದು, ಪೆಕೊರಿನೊ ರೊಮಾನೊಗೆ ಕುರಿಮರಿಯದು, ಆ ಹೆಸರಿನಲ್ಲಿ ಮಾರಬೇಕಾದರೆ ಅದನ್ನೇ ಹಾಕಬೇಕೆಂಬ ನಿಯಮವೇ ಇದೆ, ಆರು ತಿಂಗಳು ತಿಂದ ಮೇಲೆ ಗೊತ್ತಾಯಿತು ಎಂದು. ಆವತ್ತು ನಾನು ನಕ್ಕಿದ್ದೆ. ನಮ್ಮಲ್ಲಿ ಹಸಿರು ಚುಕ್ಕೆ ಇರುವ ಚೀಸ್ ಪೊಟ್ಟಣದಲ್ಲಿ ಆ ತೊಂದರೆ ಇಲ್ಲ, ಹೆಪ್ಪು ಸೂಕ್ಷ್ಮಜೀವಿಗಳಿಂದ ಬಂದದ್ದು. ಆದರೆ ಅಪ್ಪನ ತಟ್ಟೆಯಲ್ಲಿದ್ದದ್ದು?

ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕೇಳಿದೆ. ‘ಎಲ್ಲಾ ವೆಜ್ ಸರ್’ ಎಂದ ಹುಡುಗ. ಯಾವ ಚೀಸ್ ಎಂದು ಕೇಳಿದರೆ ‘ವೆಜ್ ಚೀಸ್ ಸರ್’. ಮ್ಯಾನೇಜರ್ ಬಂದರು. ಅವರ ಮುಖದಲ್ಲಿ ಹೆಮ್ಮೆ. ‘ಇಲ್ಲಿನ ಸರಕು ಬಳಸುವುದೇ ಇಲ್ಲ ಸರ್, ಪೆಕೊರಿನೊವನ್ನು ಇಟಲಿಯಿಂದಲೇ ತರಿಸುತ್ತೇವೆ, ನೂರಕ್ಕೆ ನೂರು ಅಸಲಿ.’ ಮೆನುವಿನಲ್ಲಿ ಆ ಸಾಲಿನ ಪಕ್ಕ ಹಸಿರು ಚುಕ್ಕೆ. ಆತ ಸುಳ್ಳು ಹೇಳುತ್ತಿರಲಿಲ್ಲ. ಚೀಸ್ ಎಂದರೆ ಹಾಲು, ಹಾಲು ಎಂದರೆ ಸಸ್ಯಾಹಾರ, ಅವರ ಲೆಕ್ಕ ಅಲ್ಲಿಗೆ ಮುಗಿದಿತ್ತು. ಅವರಿಗೆ ಅದು ಅಸಲಿಯಾದಷ್ಟೂ ನನ್ನ ತೊಂದರೆ ಹೆಚ್ಚುತ್ತಿತ್ತು.

ಹಿಂದಿರುಗಿ ಬಂದೆ. ಆಯಿ ಮೂರನೆಯ ಸುತ್ತು ತಿರುಗಿಸುತ್ತಿದ್ದಳು. ಅಪ್ಪ ಚೆನ್ನಭೈರಾದೇವಿಯ ಕಥೆಯನ್ನು ಮೊಮ್ಮಗಳಿಗೆ ಎರಡನೆಯ ಸಲ ಹೇಳುತ್ತಿದ್ದರು. ನಾನು ಏನು ಮಾಡಿದೆ ಎಂದು ಊಹಿಸು. ಏನೂ ಮಾಡಲಿಲ್ಲ. ಕುಳಿತೆ. ನೀರು ಕುಡಿದೆ.

ಬಿಲ್ಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಶೇಕಡಾ 5 ಜಿಎಸ್‌ಟಿ ಅಲ್ಲದೆ ಶೇಕಡಾ 10 ಸೇವಾ ಶುಲ್ಕ ಹಾಕಿದ್ದರು. ಅಪ್ಪನ ಟಾರ್ಚು ಮತ್ತೆ ಹೊತ್ತಿತು. ಸೇವಾ ಶುಲ್ಕ ಕಡ್ಡಾಯವಲ್ಲ ಎಂದು ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ ಎಂದು ಪತ್ರಿಕೆಯ ಪುಟವನ್ನೇ ಓದುವ ಹಾಗೆ ಹೇಳಿದರು. ಮ್ಯಾನೇಜರ್ ಮಾತಿಲ್ಲದೆ ತೆಗೆಸಿದರು. ನಿಮ್ಮಲ್ಲಿ ಕುಳಿತದ್ದಕ್ಕೇ ‘ಕೊಪೆರ್ತೊ’ ಎಂದು ತಲೆಗೆ ಎರಡು ಮೂರು ಯೂರೊ ಹಾಕುತ್ತಾರೆ, ಯಾರೂ ಜಗಳವಾಡುವುದಿಲ್ಲ ಎಂದು ನೀನು ಬರೆದದ್ದನ್ನು ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಮಿಲಾನಿಗೆ ಹೊರಟುಬಿಡುತ್ತಿದ್ದರು.

ಅದಾದ ಹದಿನೈದು ದಿನಕ್ಕೆ ನಮ್ಮ ಹಳೆಯ ಕೊಠಡಿಯ ಬಳಗ ಸೇರಿತ್ತು. ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಊಟದ ಹೋಟೆಲು. ನಿನಗೆ ಮೂವರೂ ಗೊತ್ತು: ನಮ್ಮ ಮಂಗಳೂರಿನವನು, ಅವನನ್ನು ಮದುವೆಯಾದ ಕೊಡಗಿನವಳು, ಮತ್ತು ಈಗ ಹಾಲು ಮೊಸರನ್ನೂ ಬಿಟ್ಟು ವೀಗನ್ ಆಗಿರುವ ನಮ್ಮ ಬೆಳಗಾವಿಯ ಕುಂದಾಭಕ್ತ. ಸಂಬಾಲ್ ಬಂತು, ಅವರ ಕಡೆಯ ಮೆಣಸಿನಕಾಯಿ ಚಟ್ನಿ. ಅದರಲ್ಲಿ ಹುದುಗಿಸಿ ಒಣಗಿಸಿದ ಸಿಗಡಿಯ ಮುದ್ದೆ, ಬೆಲಾಚಾನ್. ವಾಸನೆಗೆ ನಾನು ಮುಖ ಹಿಂಡಿದೆ. ಮಂಗಳೂರಿನವನು ಕಣ್ಣುಮುಚ್ಚಿ ಉಸಿರೆಳೆದುಕೊಂಡು, ‘ನಿನಗೆ ವಾಸನೆ, ನನಗೆ ಅಜ್ಜಿಮನೆ’ ಎಂದ. ಮಳೆಗಾಲದಲ್ಲಿ ಅವರ ಮನೆಯಲ್ಲಿ ಒಣಸಿಗಡಿಯ ಚಟ್ನಿ ಆಗುತ್ತಿತ್ತಲ್ಲ, ಅದರ ನೆಂಟ. ವೀಗನ್ ಮಹಾಶಯನಿಗೆ ಜಾವಾದ ಟೆಂಪೆ ಸಿಕ್ಕಿತು, ಹುದುಗಿಸಿದ ಸೋಯಾ ಕಾಳಿನ ಹಲಗೆ. ಅದನ್ನು ಹೊಗಳಿ ಹೊಗಳಿ ತಿಂದ, ಅದಕ್ಕೆ ಮೆತ್ತಿದ್ದ ಸಂಬಾಲಿನಲ್ಲಿ ಏನಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ನೋಡು, ಎರಡನೆಯ ಸಲ. ಕೊಡಗಿನವಳು ಮಾತ್ರ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕೊನೆಗೆ ಬಿಲ್ಲನ್ನು ಸಮನಾಗಿ ನಾಲ್ಕು ಪಾಲು ಮಾಡಿದರು. ನಿಂಬೆ ಸೋಡಾ ಕುಡಿದ ನಾನು ಬಿಯರಿನ ಪಾಲು ಕೊಟ್ಟೆ. ಇಪ್ಪತ್ತು ವರ್ಷಗಳಿಂದ ಕೊಡುತ್ತಲೇ ಇದ್ದೇನೆ. ಇದನ್ನು ನೀನು ಓದುತ್ತಿದ್ದೀಯ ಎಂದೇ ಬರೆದದ್ದು.

ಆ ರಾತ್ರಿ ಮಲಗಿದಾಗ ಬ್ಯಾಂಕಾಕ್ ನೆನಪಾಯಿತು. ಹಿಂದಿನ ಅಕ್ಟೋಬರಿನಲ್ಲಿ ಕಚೇರಿಯ ಕೆಲಸಕ್ಕೆ ಹೋಗಿದ್ದೆನಲ್ಲ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿ ಸಸ್ಯಾಹಾರದ ಹಬ್ಬ, ಹೆಚ್ಚುಕಡಿಮೆ ನಮ್ಮ ನವರಾತ್ರಿಯ ಸುಮಾರಿಗೆ. ಬೀದಿಬದಿಯ ಗಾಡಿಗಳಿಗೆಲ್ಲ ಹಳದಿ ಬಾವುಟ, ಅದರ ಮೇಲೆ ಕೆಂಪಿನಲ್ಲಿ ನಮ್ಮ ಕಣ್ಣಿಗೆ 17 ಎಂಬ ಅಂಕೆಯ ಹಾಗೆ ಕಾಣುವ ಥಾಯ್ ಅಕ್ಷರ. ‘ಜೇ’ ಎಂದು ಓದಬೇಕು. ಆ ಬಾವುಟ ಇದ್ದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ! ಮೀನಿನ ಸಾಸ್ ಇಲ್ಲದೆ ಅಲ್ಲಿ ಒಲೆಯೇ ಹೊತ್ತುವುದಿಲ್ಲ ಎಂದುಕೊಂಡು ನಾನು ಮೂರು ದಿನ ಬಾಳೆಹಣ್ಣು ತಿಂದು ಬದುಕಿದ್ದೆ. ಭಾಷೆ ಬಾರದಿದ್ದರೂ ಬಾವುಟ ನೋಡಿ ನಾಲ್ಕನೆಯ ದಿನ ಹೊಟ್ಟೆ ತುಂಬ ಉಂಡೆ. ಊರಿಗೆ ಬಂದು ಹೇಳಿದಾಗ ಆಯಿ, ‘ಅಂದರೆ ಶ್ರಾದ್ಧದ ಅಡುಗೆಯನ್ನು ಬೀದಿಯಲ್ಲಿ ಮಾರುತ್ತಾರೆ’ ಎಂದಿದ್ದಳು, ಮೆಚ್ಚುಗೆಯಿಂದಲೇ.

ಹಾಗಾಗಿ ಮೇ ತಿಂಗಳಲ್ಲಿ ಆಯಿಯನ್ನು ಥಾಯ್ ಹೋಟೆಲಿಗೆ ಕರೆದುಕೊಂಡು ಹೋದೆ. ಸಣ್ಣ ಜಾಗ, ಎಂಟು ಮೇಜು. ಬಡಿಸುವ ಹುಡುಗ ಮಣಿಪುರದವನು. ನಾಲ್ಕು ವರ್ಷದಲ್ಲಿ ತಕ್ಕಮಟ್ಟಿಗೆ ಕನ್ನಡ ಕಲಿತಿದ್ದ. ಆಯಿ ಏನನ್ನೂ ಕೇಳುವ ಮೊದಲೇ ಅವನು ಅವಳ ಹಣೆಯ ಕುಂಕುಮ, ಮೆನು ಮುಟ್ಟದೆ ಮಡಿಲಲ್ಲಿಟ್ಟ ಕೈ ಎರಡನ್ನೂ ನೋಡಿ, ಪಕ್ಕದಲ್ಲಿ ಮಂಡಿ ಊರಿ ಕುಳಿತ. ಹೇಳಿದ್ದು ಹೀಗೆ: ‘ಅಮ್ಮಾ, ಕೆಂಪು ಕರಿ ಬೇಡ. ಅದರ ಮಸಾಲೆ ಡಬ್ಬಿಯಲ್ಲಿ ಬರುತ್ತದೆ, ಸಿಗಡಿ ಇರುತ್ತದೆ. ಹಸಿರು ಮಸಾಲೆ ನಾವೇ ರುಬ್ಬುತ್ತೇವೆ, ನಿಮಗೆ ಬೇರೆ ರುಬ್ಬಿಸುತ್ತೇನೆ. ಪಪ್ಪಾಯಿ ಕೋಸಂಬರಿ ಬೇಡ, ಅದೇ ಕಲ್ಲಿನಲ್ಲಿ ಬೆಳಿಗ್ಗೆ ಮೀನಿನ ಸಾಸ್ ಹಾಕಿ ಕುಟ್ಟಿದ್ದಾರೆ. ಬೆಳ್ಳುಳ್ಳಿ ಬೇಡವೇ? ಆಗಲಿ.’

ನನಗೆ ಆಶ್ಚರ್ಯ. ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. ತಮ್ಮ ಮನೆಯಲ್ಲಿ ಎಲ್ಲದಕ್ಕೂ ಹುದುಗಿಸಿದ ಮೀನು ಹಾಕುತ್ತಾರೆ, ಅದಕ್ಕೆ ಙಾರಿ ಎನ್ನುತ್ತಾರೆ, ಅದಿಲ್ಲದ ಅಡುಗೆ ಯಾವುದು ಎಂದು ಬಾಗಿಲಲ್ಲೇ ತನ್ನ ಮೂಗಿಗೆ ತಿಳಿಯುತ್ತದೆ ಎಂದ. (ಒಂದನೆಯ ತರಗತಿಯಿಂದ ಬಾಯಿಪಾಠ ಮಾಡಿದ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.) ಆಯಿ ಅವನ ಮುಖವನ್ನೇ ನೋಡುತ್ತಿದ್ದಳು. ‘ತಮ್ಮಾ, ನೀನು ಹೇಳಿದ್ದನ್ನು ತಾ’ ಎಂದಳು. ಕರಾರಿಲ್ಲದೆ, ಪ್ರಶ್ನೆಯಿಲ್ಲದೆ. ಮೆನುವನ್ನು ತೆರೆಯಲೇ ಇಲ್ಲ.

ಆಮೇಲಿನದು ನೀನು ನೋಡಬೇಕಿತ್ತು. ಸಸ್ಯಾಹಾರದ ಟಾಮ್ ಯಮ್ ಬಂತು, ತಿಳಿಯಾದ ಹುಳಿ ಖಾರದ ಸಾರು. ಆಯಿ ಬಟ್ಟಲನ್ನೇ ಎತ್ತಿ ಮೂಗಿನ ಬಳಿ ಹಿಡಿದಳು. ‘ಮಜ್ಜಿಗೆ ಹುಲ್ಲು’ ಎಂದಳು. ಹೌದು, ನಮ್ಮ ಬಚ್ಚಲಿನ ಹಿಂದೆ ಬೆಳೆಯುತ್ತಿದ್ದ, ಕಷಾಯಕ್ಕೆ ಹಾಕುತ್ತಿದ್ದ ಅದೇ ಹುಲ್ಲು. ತೇಲುತ್ತಿದ್ದ ಎಲೆಯನ್ನು ಚಿವುಟಿ, ‘ಹೇರಳೆಯ ಎಲೆಯ ಜಾತಿ’ ಎಂದಳು. ಶುಂಠಿಯ ಹಾಗಿದ್ದರೂ ಶುಂಠಿಯಲ್ಲದ ಗಲಂಗಲ್ ಬೇರಿನ ಚೂರನ್ನು ಕಚ್ಚಿ ನೋಡಿ ಪಕ್ಕಕ್ಕಿಟ್ಟಳು. ಚಮಚ ಬಿಟ್ಟು, ಬಟ್ಟಲಿಗೇ ಬಾಯಿ ಹಚ್ಚಿ ಕುಡಿದಳು. ನಾವು ಅಪ್ಪೆಹುಳಿಯನ್ನು ಊಟದ ಕೊನೆಗೆ ಲೋಟದಲ್ಲಿ ಹೊಯ್ಯಿಸಿಕೊಂಡು ಕುಡಿಯುವುದಿಲ್ಲವೇ, ಹಾಗೇ. ‘ಇಂಗಿನ ಒಗ್ಗರಣೆ ಒಂದು ಬಿದ್ದಿದ್ದರೆ ನಮ್ಮದೇ’ ಎಂದಳು. ಹಸಿರು ಕರಿಯಲ್ಲಿ ತೆಂಗಿನ ಹಾಲು. ಅದಕ್ಕೆ ಬೇರೆ ಪರಿಚಯ ಬೇಕಿರಲಿಲ್ಲ. ವಿಯೆಟ್ನಾಮಿನ ಅಕ್ಕಿಹಾಳೆಯ ಸುರುಳಿಯನ್ನೂ ಅವರು ಮಾಡುತ್ತಾರೆ. ಒಳಗಿನ ಸೊಪ್ಪು ಹೊರಗೆ ಕಾಣುವಷ್ಟು ತೆಳು. ಅದನ್ನು ಬಿಡಿಸಿ ದೀಪಕ್ಕೆ ಹಿಡಿದು, ‘ಇದನ್ನು ಯಾವ ಮಡಕೆಯ ಮೇಲೆ ಬಳಿಯುತ್ತಾರೆ?’ ಎಂದು ಕೇಳಿದಳು. ಕಾದ ಮಡಕೆಯ ಮೇಲೆ ಹಿಟ್ಟು ಬಳಿದು ತೊಡೆದೇವು ಮಾಡುವವಳ ಪ್ರಶ್ನೆ! ಅಲ್ಲಿ ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿ ಹಿಟ್ಟು ಬಳಿದು ಹಬೆಯಲ್ಲಿ ಬೇಯಿಸುತ್ತಾರೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ನಮ್ಮದು ಕವುಚಿದ ಮಡಕೆ, ಅವರದ್ದು ನೆಟ್ಟಗಿನ ಮಡಕೆ’ ಎಂದಳು.

ಕೊನೆಗೆ ಮಾವಿನಹಣ್ಣು ಮತ್ತು ಅಂಟು ಅನ್ನ. ಮೇಲೆ ತೆಂಗಿನ ಹಾಲು, ಅದಕ್ಕೆ ಚಿಟಿಕೆ ಉಪ್ಪು. ಇಲ್ಲಿ ಮಾತ್ರ ಆಯಿ ಸೋಲಲಿಲ್ಲ. ಮಾವಿನ ರಸಾಯನಕ್ಕೆ ಉಪ್ಪು ಹಾಕುವವರನ್ನು ತಾನು ಒಪ್ಪುವುದಿಲ್ಲ, ಹಣ್ಣು ಒಳ್ಳೆಯದಿದ್ದಾಗ ಅನ್ನ ಯಾಕೆ ನಡುವೆ ಬರಬೇಕು ಎಂದಳು. ಹೇಳುತ್ತಾ ಹೇಳುತ್ತಾ ತಟ್ಟೆ ಖಾಲಿ ಮಾಡಿದಳು. ಬಿಲ್ಲಿನಲ್ಲಿ ಸೇವಾ ಶುಲ್ಕ ಇರಲಿಲ್ಲ. ಅಪ್ಪ ಎರಡು ಸಲ ನೋಡಿ ಖಚಿತಪಡಿಸಿಕೊಂಡು, ಐನೂರರ ನೋಟೊಂದನ್ನು ಮಡಚಿ ಆ ಹುಡುಗನ ಅಂಗಿಯ ಜೇಬಿಗೆ ತಾವೇ ಹಾಕಿದರು.

ಮನೆಗೆ ಬರುವಾಗ ದೊಮ್ಮಲೂರಿನ ಮೇಲ್ಸೇತುವೆಯ ಹತ್ತಿರ ನಲವತ್ತು ನಿಮಿಷ ಕಾರು ಅಲುಗಲಿಲ್ಲ. ಅಪ್ಪನಿಗೆ ನಿದ್ದೆ. ಮಗಳ ಕಿವಿಯಲ್ಲಿ ಹಾಡು. ಆ ಹುಡುಗ ಮಂಡಿ ಊರಿ ಕುಳಿತ ಚಿತ್ರ ನನ್ನ ಕಣ್ಣಿಂದ ಹೋಗಿರಲಿಲ್ಲ. ಗುರುತು ಪರಿಚಯ ಇಲ್ಲದವನು ಹೇಳಬಹುದಾದರೆ ನನಗೇನಾಗಿತ್ತು? ಹೇಳಿದೆ. ಫೆಬ್ರುವರಿಯ ಆ ಪಾಸ್ತಾ, ಅದರ ಚೀಸ್, ಹೆಪ್ಪು, ಕುರಿಮರಿ, ಎಲ್ಲವನ್ನೂ. ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಆಯಿ ತಕ್ಷಣ ಮಾತನಾಡಲಿಲ್ಲ. ಮುಂದಿನ ಬಸ್ಸಿನ ಹಿಂದೆ ಬರೆದಿದ್ದುದನ್ನು ಓದುತ್ತಿದ್ದಳೋ ಏನೋ. ಆಮೇಲೆ ಕೇಳಿದಳು: ‘ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗೆ ಗಂಡುಕರು ಹುಟ್ಟಿದರೆ ನಿನ್ನ ಅಜ್ಜ ಏನು ಮಾಡುತ್ತಿದ್ದರು ಎಂದು ಎಂದಾದರೂ ಕೇಳಿದ್ದೀಯಾ?’

ಇಲ್ಲ ಎಂದೆ. ನಿಜವಾಗಿಯೂ ಕೇಳಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಕೋಣಗರು ದೊಡ್ಡದಾದದ್ದನ್ನು ನಾನು ನೋಡಿದ ನೆನಪೇ ಇಲ್ಲ, ಗೆಳೆಯ. ನಿಮ್ಮ ಕೊಟ್ಟಿಗೆಯಲ್ಲಿ ನಿನಗೆ ಇದೆಯೇ?

‘ಕೇಳಬೇಡ’ ಎಂದಳು. ‘ಹಾಲು ಕುಡಿದವರು ನಾವೆಲ್ಲರೂ.’ ಇನ್ನೊಂದು ಸಿಗ್ನಲ್ ದಾಟಿದ ಮೇಲೆ ದನಿ ಬೇರೆಯಾಯಿತು. ‘ಮೂರನೆಯ ಸಲ ತೆಗೆದುಕೊಂಡೆನಲ್ಲ, ಆಗ ಹೇಳಬೇಕಿತ್ತು ನೀನು. ಎರಡು ಸಲದ್ದು ನನ್ನ ಲೆಕ್ಕ. ಮೂರನೆಯದು ನಿನ್ನ ಲೆಕ್ಕ.’ ಅಷ್ಟೇ. ಮರುದಿನ ಏಕಾದಶಿಯಾಗಿತ್ತು. ಹೇಗಿದ್ದರೂ ಉಪವಾಸ ಮಾಡುತ್ತಿದ್ದಳು. ಆದರೆ ಆ ದಿನ ಬೆಳಿಗ್ಗೆ ನನಗೂ ತಿಂಡಿ ಇರಲಿಲ್ಲ. ನಾನು ಕೇಳಲಿಲ್ಲ. ನನ್ನವಳು ಕೇಳಬೇಕೆಂದು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಕಾಫಿ ಸೋಸಲು ಹೋದಳು.

ಬೆಳಗಾವಿಯವನಿಗೂ ಫೋನ್ ಮಾಡಿ ಸಂಬಾಲಿನ ವಿಷಯ ಹೇಳಿದೆ. ಹತ್ತು ನಿಮಿಷ ಬೈದ. ಆಮೇಲೆ, ಅದಕ್ಕೇ ಅಷ್ಟು ರುಚಿಯಾಗಿತ್ತೇ ಎಂದು ಕೇಳಿದ.

ಈಗ ಡಿಸೆಂಬರಿನ ವಿಷಯ. ನಿನ್ನನ್ನೂ ಮಕ್ಕಳನ್ನೂ ಆ ಥಾಯ್ ಹೋಟೆಲಿಗೆ ಕರೆದುಕೊಂಡು ಹೋಗಬೇಕೆಂದು ಆಯಿಯೇ ನಿರ್ಧರಿಸಿದ್ದಳು. ಕಳೆದ ವಾರ ಮೇಜು ಕಾದಿರಿಸಲು ಹೋದರೆ ಆ ಹುಡುಗ ಇರಲಿಲ್ಲ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೋಗಿದ್ದಾನಂತೆ. ಬಾಣಸಿಗರು ಅವರೇ, ಮೆನು ಅದೇ, ರುಬ್ಬುವ ಕಲ್ಲೂ ಅದೇ. ಹೊಸ ಹುಡುಗ ನಗುತ್ತಾ, ‘ಎಲ್ಲಾ ವೆಜ್ ಮಾಡಿಕೊಡುತ್ತೇವೆ ಸರ್’ ಎಂದ. ಮನೆಗೆ ಬಂದು ಹೇಳಿದೆ. ‘ಹಾಗಾದರೆ ಆ ಹೋಟೆಲೂ ಹೋಯಿತು’ ಎಂದಳು ಆಯಿ.

ಆದ್ದರಿಂದ ಊಟ ನಮ್ಮ ಮನೆಯಲ್ಲೇ. ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ಭರಣಿಯ ತಳದಲ್ಲಿ ಇನ್ನೂ ಇದೆ. ನಿನ್ನ ಮಕ್ಕಳಿಗೆ ಅಪ್ಪೆಹುಳಿಯನ್ನು ಲೋಟದಲ್ಲೇ ಕೊಡುತ್ತಾಳಂತೆ. ಕುಂಡದಲ್ಲಿ ಮಜ್ಜಿಗೆ ಹುಲ್ಲು ನೆಟ್ಟಿದ್ದಾಳೆ, ಅದನ್ನು ಅಪ್ಪೆಹುಳಿಗೆ ಹಾಕುವ ವಿಚಾರವಿದೆ ಎಂದು ನನಗೆ ಅನುಮಾನ. ನೀನು ಬರುವಾಗ ಆ ರಿಸೊಟ್ಟೊದ ದಪ್ಪ ಅಕ್ಕಿ, ಕಾರ್ನರೋಲಿ ಎಂದಿದ್ದೆಯಲ್ಲ, ಅದನ್ನು ಒಂದು ಕಿಲೋ ತರಬೇಕು. ನಡುವಿನ ಬಿಳಿ ಹೋಗುವ ತನಕ ಬೇಯಿಸಿ ನೋಡಬೇಕಂತೆ ಅವಳಿಗೆ. ಚೀಸ್ ತರುವುದಾದರೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ ತಾ. ಈಗ ಆಯಿಗೆ ‘ಕಾಲ್ಯೊ’ ಎಂಬ ಪದ ಬರುತ್ತದೆ, ಬಾಗಿಲಲ್ಲೇ ಕೇಳುತ್ತಾಳೆ.

ಇಂತು ನಿನ್ನ,
ಟಿಶ್ಯೂ ಕಾಗದದ ಸಾಕ್ಷಿ